ನೆಲದಡಿಯ ಕೊಳವೆ: ಬಚ್ಚಲಗುಂಡಿಯಿಂದ ಕ್ಯಾಮೆರಾದವರೆಗೆ

ಹೋದ ಬೇಸಿಗೆಯಲ್ಲಿ ಚಳ್ಳಕೆರೆಯ ನಮ್ಮ ಬಂಧುಗಳ ಮನೆಯಲ್ಲಿ ಬಚ್ಚಲ ನೀರು ಕಟ್ಟಿಕೊಂಡಿತು. ಮೊದಲ ದಿನ ಜಾಲರಿಯ ಮೇಲೆ ಒಂದಿಂಚು ನಿಂತಿತ್ತು. ಮಾರನೆಯ ದಿನ ಅಡುಗೆಮನೆಯ ಸಿಂಕಿನಲ್ಲಿ ಪಾತ್ರೆ ತೊಳೆದರೆ ಬಚ್ಚಲಲ್ಲಿ ನೊರೆ ಉಕ್ಕತೊಡಗಿತು. ಬಂದ ಮೇಸ್ತ್ರಿ ಮೊದಲಿಗೆ ಹಾರೆ ಮುಟ್ಟಲಿಲ್ಲ. ಹಿತ್ತಲಿನ ಎರಡೂ ಚೇಂಬರುಗಳ ಮುಚ್ಚಳ ಎತ್ತಿಸಿ ನೋಡಿದರು. ಮನೆ ಕಡೆಯದು ಕಂಠಮಟ್ಟ ತುಂಬಿತ್ತು, ಪಿಟ್ಟಿನ ಕಡೆಯದು ಒಣಗಿತ್ತು. "ಇವೆರಡರ ಮಧ್ಯೆ ಐತೆ ನೋಡ್ರಿ" ಅಂದರು. ಮಧ್ಯೆ ಇದ್ದದ್ದು ಒಂದು ಬೇವಿನ ಮರ. ಎರಡಡಿ ಅಗೆದಾಗ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಅದರೊಳಗಿಂದ ನುಗ್ಗಿದ ಬೇರು ಕಂಬಳಿಗೆ ಹಿಂಜಿಟ್ಟ ಉಣ್ಣೆಯ ಹಾಗೆ ಪೈಪಿನ ತುಂಬ ಹೆಣೆದುಕೊಂಡಿತ್ತು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಸೀಮೆಯಲ್ಲಿ ಬೇವು ನೀರನ್ನು ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತದೆ.

ಅಗೆಯುವ ಮುಂಚೆ ನೋಡಿದ ಆ ಎರಡು ನಿಮಿಷವೇ ಈ ವಿದ್ಯೆಯ ತಿರುಳು ಎಂದು ನನಗೆ ಅನ್ನಿಸಿತು. ಕಾಣದ ಕೊಳವೆಯನ್ನು ಕಾಣುವುದನ್ನು ಮನುಷ್ಯ ಕಲಿತ ಬಗೆ, ಆ ಕಲಿಕೆಗೆ ಯಾರು ಬೆಲೆ ತೆತ್ತರು ಎಂಬುದು ಹೇಳಲೇಬೇಕಾದ ಕಥೆ.

ನಮ್ಮ ಅಜ್ಜಿಯರ ಕಾಲಕ್ಕೆ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮಾಳಿಗೆ ಮನೆಗಳಲ್ಲಿ ಕಾಣದ ಕೊಳವೆ ಎಂಬುದೇ ಇರಲಿಲ್ಲ. ಹಂಡೆಯ ನೀರು ಬಚ್ಚಲ ಕಲ್ಲಿನ ಮೇಲೆ ಬಿದ್ದು ಗೋಡೆಯ ತೂತಿನಿಂದ ಹಿತ್ತಲಿಗೆ ಹರಿದು, ಬಾಳೆಗೋ ಕರಿಬೇವಿಗೋ ಇಂಗುತ್ತಿತ್ತು. ಕಟ್ಟಿಕೊಂಡರೆ ಒಂದು ಕಡ್ಡಿ ಸಾಕು. ಉಳಿದದ್ದಕ್ಕೆ ತಂಬಿಗೆ ಹಿಡಿದು ಬಯಲಿಗೆ ಹೋಗುವುದಿತ್ತು. ಹೆಂಗಸರು ಕತ್ತಲಾಗುವ ತನಕ ತಡೆದುಕೊಂಡು ಕೂರಬೇಕಿದ್ದ ಆ ದಿನಗಳನ್ನು ಹಂಬಲಿಸಬೇಕಾದ್ದೇನೂ ಇಲ್ಲ. ಆದರೆ ಬಚ್ಚಲ ನೀರನ್ನೂ ಮಲವನ್ನೂ ಬೇರೆಬೇರೆ ಇಟ್ಟಿದ್ದು ಜಾಣತನ. ನೀರಿಲ್ಲದ ಊರಿಗೆ ಅದು ಇವತ್ತಿಗೂ ಹೊಂದುತ್ತದೆ.

ಪೇಟೆಗಳಲ್ಲಿ ಒಣ ಪಾಯಿಖಾನೆ ಬಂತು. ಅದರ ಜೊತೆಗೇ ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊರುವ ಕೆಲಸವೂ ಬಂತು. ಆ ಕೆಲಸ ಒಂದು ಜಾತಿಯ ತಲೆಗೇ ಬಂತು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ಕರ್ನಾಟಕದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಆದೇಶ ಹೊರಟು ದಶಕಗಳಾದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಎದುರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇದನ್ನು ಬಿಟ್ಟು ಕನ್ನಡ ನಾಡಿನ ಒಳಚರಂಡಿಯ ಚರಿತ್ರೆ ಬರೆದರೆ ಅದು ಸುಳ್ಳಾಗುತ್ತದೆ.

ಕೊಳವೆಯ ವಿದ್ಯೆ ಬೆಳೆದದ್ದು ಹೊರಗೆ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಪಾಯಿಖಾನೆಯ ಪೈಪನ್ನು 'ಎಸ್' ಅಕ್ಷರದಂತೆ ಬಗ್ಗಿಸಿ, ಅಲ್ಲಿ ನಿಲ್ಲುವ ಒಂದು ಹಿಡಿ ನೀರಿನಿಂದಲೇ ಗಬ್ಬು ಗಾಳಿಯನ್ನು ತಡೆದ. ಇವತ್ತು ನಮ್ಮ ಮನೆಗಳಲ್ಲಿ ಬೀಗ ಹಾಕಿಕೊಂಡು ಊರಿಗೆ ಹೋಗಿ ಬಂದ ಮೇಲೆ ವಾಸನೆ ಹೊಡೆಯುತ್ತದಲ್ಲ, ಆ ಹಿಡಿ ನೀರು ಆರಿಹೋಗಿರುತ್ತದೆ, ಅಷ್ಟೇ. ಒಂದು ಚೊಂಬು ನೀರು ಸುರಿದರೆ ಮುಗಿಯಿತು. ಫ್ರಾನ್ಸಿನ ಮೂರಾಸ್ ಮಲವನ್ನು ಮುಚ್ಚಿದ ತೊಟ್ಟಿಯಲ್ಲಿ ಕೊಳೆಸುವ ಉಪಾಯ ಕಂಡುಕೊಂಡು 1881ರಲ್ಲಿ ಪೇಟೆಂಟ್ ಪಡೆದ. 1895ರ ಸುಮಾರಿಗೆ ಇಂಗ್ಲೆಂಡಿನ ಡೊನಾಲ್ಡ್ ಕ್ಯಾಮೆರಾನ್ ಅದಕ್ಕೆ 'ಸೆಪ್ಟಿಕ್ ಟ್ಯಾಂಕ್' ಎಂದು ಹೆಸರಿಟ್ಟ. ಇತ್ತ ನಮ್ಮಲ್ಲಿ 1898ರ ಪ್ಲೇಗು ಬೆಂಗಳೂರಿಗೆ ಚರಂಡಿಯ ಮಹತ್ವವನ್ನು ಬಡಿದು ಹೇಳಿತು. ಅಲ್ಲಿ ಸ್ಟೋನ್‌ವೇರ್ ಪೈಪುಗಳ ಒಳಚರಂಡಿ 1922ರಲ್ಲಿ ಆರಂಭವಾಯಿತು. ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಚಳ್ಳಕೆರೆಯಂಥ ಊರುಗಳಲ್ಲಿ ಮನೆಮನೆಗೂ ಪಿಟ್ಟೇ ಗತಿಯಾಯಿತು.

ಕಟ್ಟಿದ್ದನ್ನು ಬಿಡಿಸುವ ಸಾಧನ ಬಹುಕಾಲ ಬಿದಿರಿನ ದಬ್ಬೆಯೇ. 1930ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಸ್ಯಾಮ್ಯುಯೆಲ್ ಬ್ಲಾಂಕ್ ಮೋಟರಿಗೆ ಉಕ್ಕಿನ ಸುರುಳಿ ಕಟ್ಟಿ, ತುದಿಗೆ ಬ್ಲೇಡು ಕೂಡಿಸಿ, ಬೇರು ಕತ್ತರಿಸುವ ಯಂತ್ರ ಮಾಡಿದ. ಆಮೇಲೆ ಕೊಳವೆಯೊಳಗೆ ಹರಿದಾಡುವ ಕ್ಯಾಮೆರಾ ಬಂತು. ಬಿರುಕು, ಬೇರು, ಕುಸಿದ ಜಾಗ ಎಷ್ಟು ಅಡಿ ದೂರದಲ್ಲಿದೆ ಎಂದು ಪರದೆಯ ಮೇಲೆ ತೋರಿಸಿತು. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ತೂರಿಸಿ, ಗಟ್ಟಿಯಾಗಿಸಿ, ನೆಲ ಅಗೆಯದೆ ಪೈಪಿನೊಳಗೇ ಹೊಸ ಪೈಪು ಕೂಡಿಸಿದ. ಈಗ ಕ್ಯಾಮೆರಾ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತದೆ. ಸಣ್ಣ ಊರಿನ ಮನೆಗೆ ಅದು ದುಬಾರಿ ಬಾಬತ್ತು.

ಆದರೆ ಕ್ಯಾಮೆರಾ ಇಲ್ಲದೆಯೂ ಹತ್ತರಲ್ಲಿ ಎಂಟು ಸಲ ದೋಷ ಗೊತ್ತಾಗುತ್ತದೆ ಎಂದು ಅನುಭವಸ್ಥ ಮೇಸ್ತ್ರಿಗಳು ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಅದು ನಿಜ. ಒಂದೇ ಸಿಂಕ್ ಕಟ್ಟಿದರೆ ದೋಷ ಆ ಸಿಂಕಿನ ಕೆಳಗೇ ಇರುತ್ತದೆ. ಎಲ್ಲ ಕಡೆಯೂ ಒಟ್ಟಿಗೆ ನಿಧಾನವಾದರೆ, ಅದರಲ್ಲೂ ತಗ್ಗಿನ ಬಚ್ಚಲಲ್ಲಿ ಮೊದಲು ಉಕ್ಕಿದರೆ, ದೋಷ ಮುಖ್ಯ ಲೈನಿನದು. ನೀರು ಬಿಟ್ಟಾಗ ಗೊಳಗೊಳ ಸದ್ದು ಬಂದರೆ ಗಾಳಿಪೈಪು ಮುಚ್ಚಿದೆ, ಇಲ್ಲವೇ ಮನೆ ಕಟ್ಟುವಾಗ ಹಾಕಿಸೇ ಇಲ್ಲ. ಎರಡನೆಯದೇ ಹೆಚ್ಚು. ಪೈಪು ಎಲ್ಲೋ ಸೋರುತ್ತಿದೆ ಎಂಬ ಅನುಮಾನವಿದ್ದರೆ ಓಕುಳಿಯ ಬಣ್ಣ ಕಲಸಿ ಬಿಟ್ಟು, ಚೇಂಬರಿನಲ್ಲಿ ಬಣ್ಣ ಬಂತೋ ಗೋಡೆಯ ಬುಡದಲ್ಲಿ ಬಂತೋ ನೋಡಬೇಕು. ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಬೆಲೆಯಿದೆ. ಮಗ್ಗದ ಗುಂಡಿಗೆ ತೇವ ಹತ್ತಿದರೆ ಕೆಡುವುದು ರೇಷ್ಮೆ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಕಟ್ಟಿದ ಪೈಪಿಗೆ ಆಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವ ತೆಗೆದೀತು.

ಬರದ ನಾಡಿಗೆ ತನ್ನದೇ ಆದ ಒಂದು ರೋಗವಿದೆ. ಕೊಳವೆ ತನ್ನನ್ನು ತಾನೇ ತೊಳೆದುಕೊಳ್ಳಬೇಕಾದರೆ ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಿ ಹರಿಯಬೇಕು. ಅದಕ್ಕೇ ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂದು ಕೇಂದ್ರದ ಕೈಪಿಡಿ ಲೆಕ್ಕ ಹಾಕಿದೆ. ಕೊಡದಲ್ಲಿ ಅಳೆದು ನೀರು ಬಳಸುವ ಮನೆಯಲ್ಲಿ ಆ ವೇಗ ಬರುವುದಿಲ್ಲ. ನೀರು ಮುಂದೆ ಹೋಗುತ್ತದೆ, ಗಟ್ಟಿ ಹಿಂದೆ ಉಳಿಯುತ್ತದೆ. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಬಜ್ಜಿ ಕರಿದ ಬಾಣಲೆಯ ಜಿಡ್ಡೂ ಅದಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕಿರುವ ಮದ್ದು ಇಳಿಜಾರು: ನಾಲ್ಕಿಂಚಿನ ಪೈಪಿಗೆ 40 ಅಡಿಗೆ ಒಂದಡಿ, ಆರಿಂಚಿನದಕ್ಕೆ 60 ಅಡಿಗೆ ಒಂದಡಿ. ಪೈಪು ದಪ್ಪ ಇದ್ದಷ್ಟೂ ಒಳ್ಳೆಯದು ಎಂದು ನಾಲ್ಕಿಂಚು ಸಾಕಾಗುವಲ್ಲಿ ಆರಿಂಚು ಹಾಕಿಸುವವರಿದ್ದಾರೆ. ನೀರು ಕಡಿಮೆ ಇದ್ದಾಗ ದಪ್ಪ ಪೈಪಿನಲ್ಲಿ ಅದು ತೆಳುವಾಗಿ ಹರಡಿ ಇನ್ನಷ್ಟು ಬೇಗ ಕಟ್ಟುತ್ತದೆ. ನಮ್ಮ ಬಂಧುಗಳ ಮನೆಯಲ್ಲೂ ಮೇಸ್ತ್ರಿ ಒಡೆದ ಪೈಪನ್ನು ಬದಲಿಸುವಾಗ ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ ಮಟ್ಟ ಹಿಡಿದರು, ಬೇವಿನಿಂದ ಮೂರಡಿ ದೂರಕ್ಕೆ ಲೈನ್ ಸರಿಸಿದರು.

ಪಿಟ್ಟು ತುಂಬಿದ ಮೇಲೆ ಏನು? ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಲೇಬೇಕು. ಮನುಷ್ಯ ಇಳಿದು ಸತ್ತದ್ದು ಇಲ್ಲಿಯೇ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿನ ಅರಿವನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಎಂದುಕೊಂಡವನು ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಕೆಲಸದ ವಿರುದ್ಧ ಜೀವನವಿಡೀ ಹೋರಾಡುತ್ತ ಬಂದಿದ್ದಾರೆ. ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಸಂಘಟನೆಯಾದ ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಗೊತ್ತುಮಾಡಿತು, 2023ರ ಅಕ್ಟೋಬರಿನಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಗುಂಡಿಗೆ ಇಳಿಸುವುದು ಅಪರಾಧ. ಮನೆಯ ಯಜಮಾನನೂ ಈ ಕಾನೂನಿಗೆ ಹೊರತಲ್ಲ.

ಸಕ್ಕಿಂಗ್ ಲಾರಿ ಬಂದು ಇಳಿಯುವ ಕೆಲಸ ತಪ್ಪಿಸಿತು, ಆದರೆ ಲಾರಿಯೊಳಗಿನದನ್ನು ಎಲ್ಲಿ ಸುರಿಯುವುದು ಎಂಬ ಪ್ರಶ್ನೆ ಉಳಿಯಿತು. ಕೆರೆಗೆ, ಹಳ್ಳಕ್ಕೆ ಸುರಿದದ್ದು ಕೊನೆಗೆ ಕೊಳವೆಬಾವಿಯ ನೈಟ್ರೇಟ್ ಆಗಿ ತಿರುಗಿ ಬರುತ್ತದೆ. 2015ರಲ್ಲಿ ದೇವನಹಳ್ಳಿಯಲ್ಲಿ ತೆರೆದ ಮಲಹೂಳು ಸಂಸ್ಕರಣಾ ಘಟಕ ಇದಕ್ಕೆ ಒಂದು ಉತ್ತರ. ಲಾರಿ ತಂದದ್ದನ್ನು ಅಲ್ಲಿ ಕೊಳೆಸಿ, ಒಣಗಿಸಿ, ಗೊಬ್ಬರ ಮಾಡುತ್ತಾರೆ. ಇಡೀ ಊರಿಗೆ ಪೈಪು ಹೂಳುವ ಹಣವೂ ನೀರೂ ಇಲ್ಲದ ಕಡೆ ದೇವನಹಳ್ಳಿಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಚಳ್ಳಕೆರೆಯಲ್ಲೂ ವಾಣಿವಿಲಾಸ ಸಾಗರ ಜಲಾಶಯದ ನೀರು ನಲ್ಲಿಗೆ ಬಂದಷ್ಟೂ ಅದರ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹಿತ್ತಲಿಗೇ ಬರುತ್ತದೆ. ಅದರ ಲೆಕ್ಕವನ್ನು ಈಗಲೇ ಇಡಬೇಕು.

ಮನೆ ಕಟ್ಟಿಸುವವರು ಮಣ್ಣು ಮುಚ್ಚುವ ಮುಂಚೆ ಲೈನಿನ ಒಂದು ಫೋಟೋ ತೆಗೆದಿಡಿ, ಗೋಡೆಯಿಂದ ಎಷ್ಟು ಅಡಿ ಎಂದು ಬರೆದಿಡಿ. ಪಿಟ್ಟು ತುಂಬಿದರೆ ಯಾರನ್ನೂ ಇಳಿಸಬೇಡಿ, ಯಂತ್ರ ಕರೆಸಿ. ಅದಕ್ಕೆಂದು ದೇಶದಾದ್ಯಂತ ಗೊತ್ತುಮಾಡಿದ ಸಹಾಯವಾಣಿ 14420.