ಹಸಿರು ಮಾಳಿಗೆ: ಜಹೀರಾಬಾದ್, ನಾರಾಯಣಖೇಡ್, ತಾಂಡೂರು
ಕರಾವಳಿಯ ಹಸಿರು ಮಾಳಿಗೆಗೆ ಉಪ್ಪುಗಾಳಿ ತಾಳುವ ಮರಳದಿಬ್ಬದ ಬಳ್ಳಿಗಳು ಸರಿ. ಕರ್ನಾಟಕದ ಗಡಿಗೆ ಹತ್ತಿದ ತೆಲಂಗಾಣದ ಈ ಒಣಸೀಮೆಗೆ ಅದೇ ಗಿಡ ತರುವುದು ವ್ಯರ್ಥ. ಆಯಾ ನೆಲದ ಕಷ್ಟ ತಾಳುವ ಗಿಡವನ್ನೇ ಆರಿಸುವ ತರ್ಕ ಮಾತ್ರ ಎರವಲು ಪಡೆಯಬಹುದು. ತೆಳುಮಣ್ಣಿನ ಕಲ್ಲುನೆಲದಲ್ಲಿ ಬೇಸಿಗೆ ದಾಟುವ ಮಂಗರವಳ್ಳಿ, ಗರಿಕೆ, ಮಳೆ ಬಿದ್ದೊಡನೆ ತಾನಾಗಿ ಹುಟ್ಟುವ ಗೋಣಿಸೊಪ್ಪು ಇಲ್ಲಿನ ಮಾಳಿಗೆಗೆ ಒಗ್ಗುತ್ತವೆ. ಮೇಲ್ಮುದ್ದಿ (ಮಣ್ಣಿನ ಮಾಳಿಗೆಯ) ಮನೆಯವರು ಮಾಳಿಗೆಯ ಹುಲ್ಲು ಕೀಳುತ್ತಿದ್ದರಲ್ಲ ಎಂಬ ಆಕ್ಷೇಪ ನ್ಯಾಯವೇ: ಬೇರು ಬಿಟ್ಟ ಸೀಳಿನಲ್ಲಿ ನೀರಿಳಿದು ತೊಲೆ ಕೊಳೆಯುತ್ತದೆ. ಆದರೆ ಅಲ್ಲಿ ನೀರು ತಡೆಯುತ್ತಿದ್ದುದು ಮಣ್ಣೇ. ಹಸಿರು ಮಾಳಿಗೆಯಲ್ಲಿ ಆ ಕೆಲಸ ಮಣ್ಣಿನಡಿಯ ಜಲನಿರೋಧಕ ಪದರ ಮತ್ತು ಬೇರುತಡೆ ಹಾಳೆಯದು. ಭಾರದ ಆಕ್ಷೇಪ ಇನ್ನೂ ಗಟ್ಟಿ. 10 ಸೆಂ.ಮೀ. ದಪ್ಪದ ನೆನೆದ ಮಣ್ಣು ಚದರ ಮೀಟರಿಗೆ ಸುಮಾರು 150ರಿಂದ 200 ಕಿ.ಗ್ರಾಂ. ತೂಗುತ್ತದೆ. ತಾಂಡೂರು ಪರಸಿಕಲ್ಲು ಹೊದಿಸಿದ ಹಳೆಯ ಮಾಳಿಗೆಯ ಮೇಲೆ ಇದನ್ನು ಹೇರಲೇಬಾರದು. ಕಾಂಕ್ರೀಟ್ ಮಾಳಿಗೆಗೂ ಎಂಜಿನಿಯರರ ಲೆಕ್ಕ ಬೇಕು. ಮಣ್ಣಿಗೆ ಇಟ್ಟಿಗೆ ಚೂರು ಬೆರೆಸಿದರೆ ಭಾರ ತುಸು ಇಳಿಯುತ್ತದೆ.