ಹಬ್ಬಕ್ಕೆ ಮಾಡಿ ಉಳಿದ ಪಾನಕ, ಮಜ್ಜಿಗೆ, ಕಬ್ಬಿನ ಹಾಲು: ಮರುದಿನದ ದೋಸೆಗೆ ಹಾಕಬಹುದೇ?

ರಾಮನವಮಿ ಮುಗಿದ ರಾತ್ರಿ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಮನೆಗಳಲ್ಲಿ ಅರ್ಧ ಕೊಡ ಪಾನಕವೋ ನೀರುಮಜ್ಜಿಗೆಯೋ ಉಳಿಯುವುದು ಹೊಸದೇನಲ್ಲ. ಚೆಲ್ಲಲು ಮನಸ್ಸು ಬಾರದೆ ಬೆಳಿಗ್ಗೆ ದೋಸೆ ಹಿಟ್ಟಿಗೆ ಸುರಿಯುವವರಿದ್ದಾರೆ. ಇದರ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. 'ಉಳಿದ ಪಾನೀಯ ಹಿಟ್ಟಿಗೆ ಸೇರಿದರೆ ವಿಷ' ಎನ್ನುವುದು ಒಂದು. 'ಕಾವಲಿಯ ಮೇಲೆ ಬೆಂದರೆ ಏನೂ ಆಗಲ್ಲ' ಎನ್ನುವುದು ಇನ್ನೊಂದು. ಎರಡೂ ಪೂರ್ತಿ ನಿಜವಲ್ಲ. ಹಾಕಬಹುದು, ಆದರೆ ಆ ಪಾನೀಯ ಎಷ್ಟು ಹೊತ್ತು, ಎಲ್ಲಿ, ಯಾವ ಪಾತ್ರೆಯಲ್ಲಿ ಇತ್ತು ಎನ್ನುವುದು ಮುಖ್ಯ.

ಬೆಲ್ಲ ಇದ್ದರೆ ಪಾನಕ ಕೆಡುವುದಿಲ್ಲವೇ?

ಇದು ಬಹಳ ಜನರ ನಂಬಿಕೆ. ಜೋನಿ ಬೆಲ್ಲ ತಿಂಗಳುಗಟ್ಟಲೆ ಕೆಡದಿರುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಜೋನಿ ಬೆಲ್ಲದಲ್ಲಿ ಸಕ್ಕರೆ ಅಂಶ ತುಂಬಾ ಹೆಚ್ಚು, ಸೂಕ್ಷ್ಮಜೀವಿಗಳಿಗೆ ಸಿಗುವ ನೀರು ಕಡಿಮೆ. ಅದೇ ಬೆಲ್ಲವನ್ನು ಕೊಡ ನೀರಿನಲ್ಲಿ ಕದಡಿದರೆ ಲೆಕ್ಕ ತಿರುಗುತ್ತದೆ, ತೆಳು ಸಕ್ಕರೆ ನೀರು ಯೀಸ್ಟ್‌ಗೆ ಒಳ್ಳೆಯ ಊಟ. ಚೈತ್ರದ ಸೆಕೆಯಲ್ಲಿ ರಾತ್ರಿಯಿಡೀ ಹೊರಗಿಟ್ಟ ಪಾನಕದಲ್ಲಿ ಬೆಳಿಗ್ಗೆ ಗುಳ್ಳೆ, ಹುಳಿ ವಾಸನೆ ಕಂಡರೆ ಅದು ಹುದುಗತೊಡಗಿದೆ ಎಂದರ್ಥ. ಅದನ್ನು ಬಳಸಬೇಡಿ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿದ್ದಾದರೆ ಮರುದಿನ ಗೋಧಿ ಹಿಟ್ಟಿನ ಸಿಹಿ ದೋಸೆಗೆ ನೀರಿನ ಬದಲು ಹಾಕಬಹುದು. ಶುಂಠಿ, ಏಲಕ್ಕಿ ಮೊದಲೇ ಇರುವುದರಿಂದ ರುಚಿಯೂ ಚೆನ್ನ. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಇದು ಸಿಹಿತಿಂಡಿಯೇ, ಬೇಯಿಸಿದರೆ ಬೆಲ್ಲ ಎಲ್ಲೂ ಹೋಗುವುದಿಲ್ಲ.

ಪಾತ್ರೆಯನ್ನೂ ನೋಡಿ. ನಿಂಬೆರಸ ಹಿಂಡಿದ ಪಾನಕ ಅಥವಾ ಮಜ್ಜಿಗೆ ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ರಾತ್ರಿ ಕಳೆದರೆ ಹುಳಿಗೆ ತಾಮ್ರ ಕರಗಿ ಬರುತ್ತದೆ. ಹೊಟ್ಟೆ ತೊಳಸುವುದು, ವಾಂತಿ ಇದರಿಂದಲೂ ಆಗುತ್ತದೆ. ಇದು ಫ್ರಿಜ್‌ನಲ್ಲಿಟ್ಟರೂ ಕುದಿಸಿದರೂ ಹೋಗುವಂಥದ್ದಲ್ಲ. ಹಳಬರು ವರ್ಷ ವರ್ಷ ಕಲಾಯಿ ಹಾಕಿಸುತ್ತಿದ್ದುದು ಹೊಳಪಿಗಷ್ಟೇ ಅಲ್ಲ.

ಮಜ್ಜಿಗೆ

ಉಳಿದವುಗಳಲ್ಲಿ ಅಡುಗೆಗೆ ಹೆಚ್ಚು ಒದಗುವುದು ಇದೇ. ಮಜ್ಜಿಗೆಯ ಹುಳಿ ಅನೇಕ ರೋಗಾಣುಗಳನ್ನು ತಡೆಯುತ್ತದೆ. ಆದರೆ ನೀರುಮಜ್ಜಿಗೆಗೆ ಮೂರು ಪಟ್ಟು ನೀರು, ಹಸಿ ಕೊತ್ತಂಬರಿ ಸೊಪ್ಪು ಸೇರಿರುತ್ತದೆ, ಆ ರಕ್ಷಣೆ ಅಷ್ಟು ತೆಳುವಾಗಿರುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ರವೆ ದೋಸೆಗೆ ಕಲಸಿ. ಉಪ್ಪು, ಮೆಣಸಿನಕಾಯಿ, ಇಂಗು ಈಗಾಗಲೇ ಇದೆ ಎಂಬುದು ನೆನಪಿರಲಿ.

ಆಲೆಮನೆಯ ಕಬ್ಬಿನ ಹಾಲು

ಸೊರಬ, ಸಿದ್ದಾಪುರ, ಶಿರಸಿ ಕಡೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಲೆಮನೆಯಿಂದ ಕ್ಯಾನಿನಲ್ಲಿ ಬಂದ ಕಬ್ಬಿನ ಹಾಲಿನಲ್ಲಿ ನೆನೆದ ಅಕ್ಕಿ ರುಬ್ಬಿ ಎರೆದ ದೋಸೆಯ ರುಚಿಯೇ ಬೇರೆ. ಮಡಕೆಯ ಬೆನ್ನಿನ ಮೇಲೆ ಕಾಗದದಂತೆ ಎಳೆಯುವ ತೊಡೆದೇವು ಕೂಡ ಇದೇ ಬಳಗದ್ದು. ಈ ಹಿಟ್ಟನ್ನು ಹುಳಿ ಬರಿಸುವುದಿಲ್ಲ, ರುಬ್ಬಿದ ಕೂಡಲೇ ಎರೆಯುತ್ತಾರೆ. ಸಕ್ಕರೆ ಹೆಚ್ಚಿರುವುದರಿಂದ ಬೇಗ ಕಂದುತ್ತದೆ, ಉರಿ ಸಣ್ಣಗಿರಲಿ.

ಕಬ್ಬಿನ ಹಾಲು ನಿಂತಂತೆ ಲೋಳೆಯಾಗುವುದನ್ನು ನೀವು ನೋಡಿರಬಹುದು. ಇದಕ್ಕೆ ಮುಖ್ಯ ಕಾರಣ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ, ಅದು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವಾಗಿಸುತ್ತದೆ. ತಮಾಷೆಯೆಂದರೆ ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲೂ ಇದೇ ಬ್ಯಾಕ್ಟೀರಿಯಾದ ಕೈಯಿದೆ! ಲೋಳೆಯೇ ವಿಷವಲ್ಲ. ಆದರೆ ಅದು ಹಾಲು ಹಳತಾಗಿದೆ, ಬೇರೆ ಜೀವಿಗಳೂ ಬೆಳೆದಿರಬಹುದು ಎಂಬ ಗುರುತು. ಚೆಲ್ಲಿ.

ಬೂಷ್ಟು ಹಿಡಿದ ಕಬ್ಬಿನ ಮಾತೇ ಬೇರೆ. ಅಂಥ ಕಬ್ಬು ತಿಂದು ಚೀನಾದಲ್ಲಿ ಹಿಂದಿನ ಶತಮಾನದ 70-80ರ ದಶಕಗಳಲ್ಲಿ ನೂರಾರು ಮಂದಿ ಅಸ್ವಸ್ಥರಾದರು, ಹಲವರು ಸತ್ತರು. ಕಾರಣ ಒಂದು ಶಿಲೀಂಧ್ರ ತಯಾರಿಸುವ 3-ನೈಟ್ರೊಪ್ರೊಪಿಯಾನಿಕ್ ಆಮ್ಲ, ಅದು ಮಿದುಳಿಗೆ ಹಾನಿ ಮಾಡುತ್ತದೆ. ಡೆನ್ಮಾರ್ಕ್‌ನಲ್ಲಿ ಒಬ್ಬರು ಸುಮಾರು ಒಂದು ತಿಂಗಳು ಫ್ರಿಜ್‌ನ ಹೊರಗಿಟ್ಟಿದ್ದ, ಕುಡಿಯಲು ಸಿದ್ಧಪಡಿಸಿ ಮಾರುವ ಎಳನೀರು ಕುಡಿದು ತೀರಿಕೊಂಡದ್ದಕ್ಕೂ ಇದೇ ವಿಷ ಕಾರಣವೆಂದು ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಒಂದು ಗುಟುಕು ಕುಡಿದು ರುಚಿ ಕೆಟ್ಟಿದೆ ಎಂದು ನಿಲ್ಲಿಸಿದ್ದರೂ ಹೀಗಾಯಿತು. ಇದು ತೀರಾ ಅಪರೂಪ. ಆದರೂ ಸಂಶಯ ಬಂದದ್ದನ್ನು 'ಸ್ವಲ್ಪ ರುಚಿ ನೋಡಿ' ತೀರ್ಮಾನಿಸುವ ಅಭ್ಯಾಸ ಬಿಡುವುದು ಒಳ್ಳೆಯದು.

ಪೂಜೆಗೆ ಒಡೆದ ಕಾಯಿಯ ನೀರನ್ನು ಚೊಂಬಿನಲ್ಲಿ ಕೂಡಿಡುವುದಕ್ಕಿಂತ ಅಂದೇ ಹಿಟ್ಟು ರುಬ್ಬುವಾಗ ಸೇರಿಸಿಬಿಡಿ. ಅದರ ಸಕ್ಕರೆ ಹುಳಿ ಬರಲು ನೆರವಾಗುತ್ತದೆ. ಉದ್ದು, ಅಕ್ಕಿಯ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಮೇಲುಗೈ ಪಡೆದು ಹುಳಿ ಏರಿಸುತ್ತವೆ, ಕೆಡಿಸುವ ಜೀವಿಗಳು ಹಿಂದೆ ಬೀಳುತ್ತವೆ. ಚೊಂಬಿನ ನೀರಿಗೆ ಆ ಕಾವಲಿಲ್ಲ.

ಸೋಡಾ ಹಾಕಿದರೆ ದೋಸೆ ಗರಿಗರಿ ಎನ್ನುವುದು ಆಗ ತಾನೇ ಬಿಚ್ಚಿದ ಸೋಡಾಕ್ಕೆ ಅಲ್ಪಸ್ವಲ್ಪ ನಿಜ. ಗ್ಯಾಸ್ ಹೋದದ್ದು ಬರೀ ನೀರು, ತಂಪುಪಾನೀಯವಾದರೆ ಸಕ್ಕರೆ ನೀರು.

ಬೆಂದರೆ ಎಲ್ಲ ಸರಿಹೋಗುತ್ತದೆಯೇ?

ಇಲ್ಲ. ಬಾದಾಮಿ ಹಾಲು, ಕೇಸರಿ ಹಾಲಿನಂಥವು ಹೊರಗೆ ಉಳಿದರೆ ಕೈಯಿಂದ ಬಂದ ಸ್ಟ್ಯಾಫಿಲೊಕಾಕಸ್ ಬೆಳೆದು ವಿಷ ಬಿಡಬಹುದು. ಕಾವಲಿಯ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಕುದಿಸಿದರೂ ಉಳಿಯುತ್ತದೆ. ವಾಸನೆ, ಬಣ್ಣದಲ್ಲಿ ಗೊತ್ತೂ ಆಗುವುದಿಲ್ಲ. ಹಾಲಿನ ಪಾನೀಯ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಹಿಟ್ಟಿಗೂ ಬೇಡ, ಮಕ್ಕಳಿಗಂತೂ ಬೇಡವೇ ಬೇಡ.

ತಿಂಡಿ ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಳಿದ ಪಾನಕ ಇದಕ್ಕೆ ಬದಲಿಯಲ್ಲ. ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಅಥವಾ ಮಾತು ತೊದಲಿದರೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ, ಏನು ಕುಡಿದಿದ್ದು, ಎಷ್ಟು ಹೊತ್ತು ಇಟ್ಟದ್ದು ಎಂದು ವೈದ್ಯರಿಗೆ ಹೇಳಿ.