ಸೋಯಾ ಕಾಳಿನ ಹಿಂದಿನ ಕಥೆ

ಇಂಗ್ಲೆಂಡಿನ ಕೆಂಡಾಲ್ ಎಂಬ ಊರಿನ ಉಣ್ಣೆ ಬಟ್ಟೆಯ ಹಸಿರು ಬಣ್ಣಕ್ಕೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಒಂದು ಕುರುಚಲು ಗಿಡದಿಂದ ಹಳದಿ ತೆಗೆದು, ಅದಕ್ಕೆ ಇನ್ನೊಂದು ಗಿಡದ ನೀಲಿಯನ್ನು ಕೂಡಿಸಿದರೆ ಆ ಹಸಿರು ಬರುತ್ತಿತ್ತು. ಹಳದಿ ಕೊಡುವ ಗಿಡದ ಶಾಸ್ತ್ರೀಯ ಹೆಸರು ಜೆನಿಸ್ಟಾ ಟಿಂಕ್ಟೋರಿಯಾ. 1899ರಲ್ಲಿ ಆರ್ಥರ್ ಜಾರ್ಜ್ ಪರ್ಕಿನ್ ಎಂಬ ರಸಾಯನಶಾಸ್ತ್ರಜ್ಞರು ನ್ಯೂಬರಿ ಎಂಬುವರ ಜೊತೆಗೂಡಿ ಈ ಗಿಡದಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಗಿಡದ ಹೆಸರನ್ನೇ ಕೊಟ್ಟು ಜೆನಿಸ್ಟೀನ್ ಎಂದು ಕರೆದರು. ಇವರ ತಂದೆ ವಿಲಿಯಂ ಪರ್ಕಿನ್ 1856ರಲ್ಲಿ ಕೃತಕ ನೇರಳೆ ಬಣ್ಣ ಕಂಡುಹಿಡಿದು ಗಿಡಮರಗಳ ಬಣ್ಣಕ್ಕೆ ಕುತ್ತು ತಂದವರು. ಮಗ ನೋಡಿದರೆ ಆ ಗಿಡಗಳನ್ನೇ ಹಿಡಿದು ಕೂತರು! ಅಪ್ಪ ಮಕ್ಕಳ ಕಥೆ ಎಲ್ಲ ಕಡೆ ಹೀಗೇ ಇರಬೇಕು.

1931ರಲ್ಲಿ ಇದೇ ಜೆನಿಸ್ಟೀನ್ ಸೋಯಾ ಕಾಳಿನಲ್ಲೂ ಸಿಕ್ಕಿತು. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಇಂದು ಔಷಧಿ ಅಂಗಡಿಯ ಡಬ್ಬಿಗಳ ಮೇಲೆ 'ಸೋಯಾ ಐಸೋಫ್ಲೇವೋನ್' ಎಂದು ಓದುತ್ತೇವಲ್ಲ, ಅದರಲ್ಲಿ ಮುಖ್ಯವಾದದ್ದು ಇದೇ.

ಈ ಜಾತಿಯ ವಸ್ತುಗಳ ನಿಜವಾದ ಗುಣ ಬಯಲಾದದ್ದು ಪ್ರಯೋಗಶಾಲೆಯಲ್ಲಲ್ಲ, ಕುರಿಗಳ ಹಟ್ಟಿಯಲ್ಲಿ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ರೈತರು ಕ್ಲೋವರ್ ಎಂಬ ಮೇವನ್ನು ಹೊಲದ ತುಂಬ ಬೆಳೆಸಿದರು. ಕುರಿಗಳೇನೋ ಚೆನ್ನಾಗಿ ಮೈತುಂಬಿಕೊಂಡವು. ಆದರೆ ಗರ್ಭ ನಿಲ್ಲದಾಯಿತು. ನಿಂತವಕ್ಕೂ ಹೆರಿಗೆ ಕಷ್ಟವಾಗಿ ಮರಿಗಳು ಸಾಯತೊಡಗಿದವು. ಬೀಜ ಒಡೆದ ಗಂಡು ಕುರಿಗಳ ಕೆಚ್ಚಲಿನಲ್ಲಿ ಹಾಲು ಬಂದದ್ದೂ ಉಂಟು! 1946ರಲ್ಲಿ ಬೆನೆಟ್ಸ್ ಎಂಬ ಪಶುವೈದ್ಯರು ತಮ್ಮ ಸಂಗಡಿಗರೊಡನೆ ಇದನ್ನು ವರದಿ ಮಾಡಿದರು. ಮೇವಿನಲ್ಲಿ ಹೆಣ್ತನದ ಹಾರ್ಮೋನಾದ ಈಸ್ಟ್ರೋಜೆನ್ನಿನಂತೆ ವರ್ತಿಸುವ ವಸ್ತುಗಳಿದ್ದವು. ಮೊದಲು ಅನುಮಾನ ಜೆನಿಸ್ಟೀನಿನ ಮೇಲೆ ಹೋಯಿತು. ನಿಜವಾದ ತಪ್ಪಿತಸ್ಥ ಅದರ ದಾಯಾದಿ ಫಾರ್ಮೊನೊನೆಟಿನ್ ಎಂದು ಗೊತ್ತಾದದ್ದು ಆಮೇಲೆ. ಕುರಿಯ ಹೊಟ್ಟೆಯಲ್ಲಿ ಅದು ಇನ್ನೂ ಪ್ರಬಲವಾದ ಈಕ್ವಾಲ್ ಆಗಿ ಮಾರ್ಪಡುತ್ತಿತ್ತು.

ಈ ಕುರಿಗಳ ಗೋಳಿಗೂ ನಮಗೂ ಏನು ಸಂಬಂಧ ಎನ್ನುತ್ತೀರಾ? ಸ್ತನ ಕ್ಯಾನ್ಸರಿನ ಎಷ್ಟೋ ಗಡ್ಡೆಗಳು ಬೆಳೆಯುವುದು ಈಸ್ಟ್ರೋಜೆನ್ನಿನ ಆಸರೆಯಲ್ಲೇ. ಹಾಗಿದ್ದಮೇಲೆ ಅದನ್ನು ಹೋಲುವ ವಸ್ತುವಿರುವ ಸೋಯಾ ಮಿತ್ರನೋ ಶತ್ರುವೋ? ವಿಜ್ಞಾನಿಗಳು ಎರಡು ಉತ್ತರವನ್ನೂ ಕೊಟ್ಟರು.

ಮೊದಲು ಬಂದದ್ದು ಒಳ್ಳೆಯ ಸುದ್ದಿ. ಕ್ಯಾನ್ಸರ್ ಕೋಶಗಳಿಗೆ 'ಬೆಳೆ, ಬೆಳೆ' ಎಂದು ಸಂದೇಶ ಒಯ್ಯುವ ಟೈರೋಸಿನ್ ಕೈನೇಸ್ ಎಂಬ ಕಿಣ್ವವನ್ನು ಜೆನಿಸ್ಟೀನ್ ತಡೆಯುತ್ತದೆಂದು 1987ರಲ್ಲಿ ಜಪಾನಿನ ಅಕಿಯಾಮಾ ಮತ್ತು ಸಂಗಡಿಗರು ತೋರಿಸಿದರು. 1991ರಲ್ಲಿ ಸಿಂಗಪುರದ ಒಂದು ಅಧ್ಯಯನ, ಮುಟ್ಟು ನಿಲ್ಲದ ವಯಸ್ಸಿನ ಚೀನೀ ಹೆಂಗಸರಲ್ಲಿ ಸೋಯಾ ಹೆಚ್ಚು ತಿನ್ನುವವರಿಗೆ ಸ್ತನ ಕ್ಯಾನ್ಸರ್ ಕಡಿಮೆ ಎಂದಿತು. ಗಾಜಿನ ತಟ್ಟೆಯ ಪ್ರಯೋಗಗಳಲ್ಲಿ ಸುರಿಯುತ್ತಿದ್ದ ಜೆನಿಸ್ಟೀನ್, ತೋಫು ತಿಂದವರ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದು. ಆ ಮಾತು ಜಾಹೀರಾತಿನವರ ಕಿವಿಗೆ ಬೀಳಲೇ ಇಲ್ಲ.

ಅಷ್ಟರಲ್ಲಿ 1998ರಲ್ಲಿ ಅಮೆರಿಕದ ಹೆಲ್ಫೆರಿಚ್ ಅವರ ತಂಡ ಅಂಡಾಶಯ ತೆಗೆದ ಇಲಿಗಳಿಗೆ ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳನ್ನು ನೆಟ್ಟು ಜೆನಿಸ್ಟೀನ್ ತಿನ್ನಿಸಿತು. ಗಡ್ಡೆಗಳು ಬೆಳೆದವು! ಅಲ್ಲಿಂದ ಕ್ಯಾನ್ಸರ್ ಬಂದುಹೋದವರಿಗೆ ಸೋಯಾ ಬೇಡವೆಂಬ ಮಾತು ಹಬ್ಬಿತು. ನನ್ನ ಚಿಕ್ಕಮ್ಮನ ಮಗಳು ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ, ನೋಡಲು ಬಂದವರಲ್ಲಿ ಒಬ್ಬರು ಸೋಯಾ ಪುಡಿಯ ಡಬ್ಬಿ ತಂದುಕೊಟ್ಟರು, ಇನ್ನೊಬ್ಬರು ಅದನ್ನು ನೋಡಿ ಹೌಹಾರಿದರು. ಇಬ್ಬರೂ ಎಲ್ಲೋ ಓದಿದವರೇ! ಅವಳು ಮಾತ್ರ ಸಾಗುವಿನಲ್ಲಿದ್ದ ನಾಲ್ಕು ಸೋಯಾ ತುಂಡುಗಳನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸಿದಳು. ಸಾವನ್ನು ಹತ್ತಿರದಿಂದ ನೋಡಿ ಬಂದವಳಿಗೆ ಊಟದ ತಟ್ಟೆಯಲ್ಲೂ ಹೆದರಿಕೆ ಉಳಿಯುವುದು ಎಂಥ ಸಂಕಟ!

ಇಲಿಯನ್ನು ಬಿಟ್ಟು ಹೆಂಗಸರನ್ನೇ ವಿಚಾರಿಸಿದ್ದು ಶಾಂಘೈನಲ್ಲಿ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 5,042 ಮಹಿಳೆಯರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಯಾ ಆಹಾರವನ್ನು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿದ್ದ ಗುಂಪಿನಲ್ಲಿ, ಕಡಿಮೆ ತಿನ್ನುತ್ತಿದ್ದವರಿಗೆ ಹೋಲಿಸಿದರೆ, ಸಾವು ಶೇ. 29ರಷ್ಟು ಮತ್ತು ರೋಗ ಮರುಕಳಿಸುವುದು ಶೇ. 32ರಷ್ಟು ಕಡಿಮೆಯಿತ್ತು. ಇದು ಸೋಯಾದ ಪವಾಡವೆಂದಲ್ಲ. ಆ ಹೆಂಗಸರ ಬೇರೆ ಅಭ್ಯಾಸಗಳ ಪಾಲೂ ಇರಬಹುದು. ಆದರೆ ಹೆದರಿದ್ದ ಕೆಡುಕು ಕಾಣಲಿಲ್ಲ. 2012ರಲ್ಲಿ ಅಮೆರಿಕದ ಕ್ಯಾನ್ಸರ್ ಸಂಸ್ಥೆಯೂ ಸೋಯಾ ಆಹಾರದಿಂದ ಅಪಾಯವಿಲ್ಲವೆಂದಿತು. ಮಾತ್ರೆಯ ಮಾತು ಬೇರೆ.

ಮಾತ್ರೆಯೆಂದರೆ ನನಗೆ ಫಿನ್ಲೆಂಡಿನ ನೆನಪಾಗುತ್ತದೆ. ಜೀವಕೋಶಗಳು ಆಕ್ಸಿಜನ್ನಿನ ದಾಳಿಗೆ ಸಿಕ್ಕಿ ಕೆಡದಂತೆ ಕಾಯುವ ಆಂಟಿ ಆಕ್ಸಿಡೆಂಟ್ ಗುಣ ಜೆನಿಸ್ಟೀನಿಗಿದ್ದಂತೆ ಗಜ್ಜರಿಯ ಬೀಟಾ ಕೆರೋಟೀನಿಗೂ ಇದೆ. ಅಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚೇ ಆಗಿತ್ತು! ಗಜ್ಜರಿ ತಿಂದರೆ ಹಾಗಾಗುತ್ತದೆಂದು ಯಾರೂ ಹೇಳಿಲ್ಲ.

ಬೀದರ್, ಬೆಳಗಾವಿ, ಧಾರವಾಡದ ಕಡೆ ಸೋಯಾ ಹೊಲದಲ್ಲೇ ಬೆಳೆಯುತ್ತದೆ. ಅಂಗಡಿಯಲ್ಲಿ ಸಿಗುವ ತುಂಡುಗಳು ಎಣ್ಣೆ ತೆಗೆದ ಹಿಟ್ಟಿನಿಂದ ಮಾಡಿದವು. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ ಪಲ್ಯಕ್ಕೋ ಸಾಗುವಿಗೋ ಹಾಕಬಹುದು. ಥೈರಾಯ್ಡಿನ ಮಾತ್ರೆ ನುಂಗುವವರು ಮಾತ್ರ ಅದರ ಜೊತೆಗೇ ಸೋಯಾ ಹಾಲು ಕುಡಿಯಬಾರದು. ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ಹೊತ್ತು ಬಿಡಬೇಕೆಂದು ವೈದ್ಯರನ್ನೇ ಕೇಳಿಕೊಳ್ಳಿ.